ಎಂ.ಕೆ. ಹುಬ್ಬಳ್ಳಿಯಿಂದ ಟಿವಿ ಫ್ಲೋರ್‌ವರೆಗೆ: ನಗಿಸುವ ವೃತ್ತಿ ನಡೆಯುವ ಬಗೆ

ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಯಜಮಾನರೊಬ್ಬರು ಹುಬ್ಬಳ್ಳಿ ಬಸ್ ಹತ್ತಿದರು. ಕಿಟಕಿ ಪಕ್ಕದ ಸೀಟು, ತಣ್ಣನೆಯ ಗಾಳಿ, ಹಿರೇಬಾಗೇವಾಡಿ ದಾಟುವಷ್ಟರಲ್ಲಿ ಗೊರಕೆ. ಸ್ವಲ್ಪ ಹೊತ್ತಿಗೆ ಕಂಡಕ್ಟರ್ "ಎಂ.ಕೆ. ಹುಬ್ಬಳ್ಳಿ ಯಾರ್ರೀ, ಇಳೀರಿ" ಎಂದು ಕೂಗಿದ. ಯಜಮಾನರ ಕಿವಿಗೆ ಬಿದ್ದದ್ದು 'ಹುಬ್ಬಳ್ಳಿ' ಮಾತ್ರ. ಚೀಲ ಬಗಲಿಗೇರಿಸಿ ಇಳಿದರು. ಬಸ್ ಹೋಯಿತು. ಎದುರಿಗಿದ್ದ ಚಹಾದಂಗಡಿಯವನನ್ನು ಕೇಳಿದರು: "ತಮ್ಮಾ, ಸಿದ್ಧಾರೂಢ ಮಠಕ್ಕ ಹೆಂಗ ಹೋಗಬೇಕೋ?" ಅವನು ಸೋಸುತ್ತಿದ್ದ ಚಹಾದಿಂದ ತಲೆ ಎತ್ತಲೇ ಇಲ್ಲ. "ಮಠ ತಾನ ಬರ್ತಿತ್ರೀ ಯಜಮಾನ್ರ. ನೀವ ಲಗೂ ಎಚ್ಚರಾದ್ರಿ."

ಇದನ್ನು ವೇದಿಕೆಯ ಮೇಲೆ ಹೇಳಲು ಅರ್ಧ ನಿಮಿಷ ಸಾಕು. ಆದರೆ ಈ ಅರ್ಧ ನಿಮಿಷದಿಂದ ಹೊಟ್ಟೆ ತುಂಬಿಸಿಕೊಳ್ಳುವುದು ಹೇಗೆ? ಜಾತ್ರೆಯ ಪೆಂಡಾಲಿನಲ್ಲಿ ನಗಿಸಿದವರು ಟಿವಿಯಲ್ಲಿ ನಿರೂಪಕರಾಗುವುದು ಹೇಗೆ? ಮಲಪ್ರಭೆಯ ದಂಡೆಯ ಈ ಕಬ್ಬಿನ ಊರಿನಲ್ಲಿ, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ, ಗ್ಯಾದರಿಂಗ್‌ನಲ್ಲಿ ಗೆಳೆಯರನ್ನು ನಗಿಸಿದ ಹುಡುಗ ಹುಡುಗಿಯರು ಬಹಳ ಜನ ಇದ್ದಾರೆ. "ನೀ ಟಿವ್ಯಾಗ ಹೋಗಲೇ" ಎಂದು ಅವರಿಗೆ ಹೇಳುವವರೂ ಬಹಳ. ಹೋಗುವ ದಾರಿ ಹೇಳುವವರು ಕಡಿಮೆ. ಆ ದಾರಿಯಲ್ಲಿ ಜೋಕಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಅಳತೆ. ಮಾತಿನ ಅಳತೆ, ಹೊತ್ತಿನ ಅಳತೆ, ಮುಂದೆ ಕೂತ ಮಂದಿಯ ಅಳತೆ.

ಭಾಗವತನೇ ಮೊದಲ ನಿರೂಪಕ

ಸ್ಟ್ಯಾಂಡ್-ಅಪ್ ಎಂಬ ಹೆಸರು ಹೊಸದು, ಕಸುಬು ಹಳೆಯದು. ಈ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನು ನೋಡಿದವರಿಗೆ ಇದು ಗೊತ್ತು. ಭಾಗವತ ನಿಂತು ಪ್ರಶ್ನೆ ಕೇಳುತ್ತಾನೆ. ದೂತಿ, ಗೊಲ್ಲತಿ ಅದಕ್ಕೆ ಓರೆಯಾಗಿ ಉತ್ತರ ಕೊಡುತ್ತಾರೆ. ಅವನು ಕೇಳುವುದು ಒಂದು, ಅವರು ತಿಳಿದುಕೊಳ್ಳುವುದು ಇನ್ನೊಂದು. ಈಗಿನ ಟಿವಿ ಹಾಸ್ಯದ ಫ್ಲೋರಿನಲ್ಲಿ ನಿರೂಪಕ ಮತ್ತು ಹಾಸ್ಯ ಕಲಾವಿದರ ನಡುವೆ ನಡೆಯುವುದೂ ಇದೇ. ಪ್ರಶ್ನೆ ಹದವಾಗಿ ಬೀಳದಿದ್ದರೆ ಉತ್ತರ ನಗಿಸುವುದಿಲ್ಲ. ಒಳ್ಳೆಯ ಭಾಗವತ ತಾನು ನಗಿಸಲು ಹೋಗುವುದಿಲ್ಲ, ನಗೆಗೆ ಜಾಗ ಮಾಡಿಕೊಡುತ್ತಾನೆ.

ಬೈಲಹೊಂಗಲದ ಕಥೆಯೇ ಆದ 'ಸಂಗ್ಯಾ ಬಾಳ್ಯಾ' ಸಣ್ಣಾಟದಲ್ಲಿ ಕೊಲೆಯಿದೆ, ಕಣ್ಣೀರಿದೆ. ಇಂಥ ಕಥೆಯನ್ನು ರಾತ್ರಿಯೆಲ್ಲ ನೋಡುವ ಮಂದಿಯನ್ನು ಎಚ್ಚರವಾಗಿಡುವುದು ಹಾಡು ಮತ್ತು ನಡುನಡುವಿನ ಹಾಸ್ಯ. ಅಳಿಸುವ ಆಟಕ್ಕೂ ನಗಿಸುವವ ಬೇಕು ಎಂಬುದು ವೃತ್ತಿ ನಾಟಕ ಕಂಪನಿಗಳಿಗೂ ಗೊತ್ತಿದ್ದ ಸತ್ಯ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ಕಲಾವೈಭವ ನಾಟ್ಯ ಸಂಘ ಕಟ್ಟಿ, 2017ರಲ್ಲಿ ತೀರಿಕೊಳ್ಳುವವರೆಗೂ ರಂಗಭೂಮಿಯ ಹಿರಿಯರಾಗಿದ್ದ ಏಣಗಿ ಬಾಳಪ್ಪನವರ ಕಾಲದಿಂದ ಇಂದಿನವರೆಗೆ, ಕಂಪನಿ ನಾಟಕದ ಬೋರ್ಡಿನಲ್ಲಿ ಹಾಸ್ಯಪಾತ್ರದವನ ಹೆಸರಿಗೆ ತನ್ನದೇ ಬೆಲೆಯಿದೆ.

ಒಬ್ಬನೇ ನಿಂತು ಮಾತಿನಿಂದಲೇ ನಗಿಸುವ ದಾರಿಗೆ ಇನ್ನೆರಡು ಬೇರುಗಳಿವೆ. ಒಂದು ಮಾಸ್ಟರ್ ಹಿರಣ್ಣಯ್ಯ (1934–2019). 'ಲಂಚಾವತಾರ' ನಾಟಕದ ನಡುವೆ ಕಥೆ ಬಿಟ್ಟು ಅಂದಿನ ರಾಜಕಾರಣಕ್ಕೆ ಕೈ ಹಾಕುತ್ತಿದ್ದ ಅವರ ಮಾತುಗಾರಿಕೆ ಇಂದಿನ ರಾಜಕೀಯ ಸ್ಟ್ಯಾಂಡ್-ಅಪ್‌ನ ಹಿರಿಯಣ್ಣ. ಇನ್ನೊಂದು ಬೀchi. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್, ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ತಿಂಮನನ್ನು ಸೃಷ್ಟಿಸಿದವರು. ಅವರ ಬರಹವನ್ನು ನಾಲಿಗೆಗೆ ತಂದು, ಉತ್ತರ ಕರ್ನಾಟಕದ ಮಾತಿನಲ್ಲಿ ಊರೂರಿಗೆ ಒಯ್ದವರು ಗಂಗಾವತಿ ಪ್ರಾಣೇಶ್. 'ಅಭಿನವ ಬೀchi' ಎಂದು ಜನ ಕರೆದದ್ದು ಸುಮ್ಮನಲ್ಲ. ನರಸಿಂಹ ಜೋಶಿ, ಬಸವರಾಜ ಮಹಾಮನಿ ಅವರ ಜೊತೆ ಸೇರಿದ ಮೇಲೆ 'ಹಾಸ್ಯ ಸಂಜೆ' ಎಂಬುದು ಸಂಗೀತ ಕಛೇರಿಯಂತೆ ತನ್ನದೇ ಕ್ರಮವಿರುವ ಕಾರ್ಯಕ್ರಮವಾಯಿತು. ಒಬ್ಬರು ಮಾತು, ಒಬ್ಬರು ಮಿಮಿಕ್ರಿ, ನಡುವೆ ಹಾಡು, ಕೊನೆಗೆ ಮುಖ್ಯ ಮಾತುಗಾರ.

ಅರ್ಧ ನಿಮಿಷ ತಯಾರಾಗುವುದು ಹೇಗೆ

ಮೇಲಿನ ಬಸ್ಸಿನ ಜೋಕನ್ನೇ ಬಿಚ್ಚಿ ನೋಡೋಣ. ಮೊದಲು ಬರೆದಾಗ ಅದು ಹೀಗಿರುತ್ತದೆ: "ನಮ್ಮ ಮಾವ ಒಬ್ಬ ಇದ್ದ, ಅವನು ಭಾಳ ನಿದ್ದಿ ಮಾಡ್ತಿದ್ದ, ಒಂದು ದಿನ ಮಗಳ ಮನಿಗೆ ಹೋಗೂದಿತ್ತು, ಮಗಳು ಹುಬ್ಬಳ್ಳಿ ಒಳಗ ಇರ್ತಾಳ..." ಇಲ್ಲಿ ಮಗಳು ಬೇಡ. ಅವಳು ಕೊನೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೊನೆಯಲ್ಲಿ ಕೆಲಸಕ್ಕೆ ಬಾರದ್ದನ್ನು ಮೊದಲಿಗೆ ತರಬಾರದು ಎಂಬುದು ಹಾಸ್ಯದ ಮೊದಲ ಕತ್ತರಿ. ನಿದ್ದೆ ಬೇಕು, 'ಹುಬ್ಬಳ್ಳಿ' ಬೇಕು, ಮಠ ಬೇಕು. ಉಳಿದದ್ದು ಹೊಟ್ಟು.

ಎರಡನೆಯ ಕತ್ತರಿ ಕೊನೆಯ ಸಾಲಿಗೆ. "ನೀವು ಇನ್ನೊಂದು ತಾಸು ಮಲಗಿದ್ದರೆ ಮಠ ಬರುತ್ತಿತ್ತು" ಎಂದರೂ ಅರ್ಥ ಅದೇ. ನಗೆ ಅರ್ಧ. ಯಾಕೆಂದರೆ ಕೇಳುವವನಿಗೆ 'ಮಲಗಿದ್ದರೆ' ಎಂಬಲ್ಲೇ ವಿಷಯ ತಿಳಿದುಹೋಗುತ್ತದೆ, ಆಮೇಲಿನ ಎರಡು ಶಬ್ದ ನಗೆಯ ಮೇಲೆ ಬಿದ್ದು ಅದನ್ನು ಮುಚ್ಚುತ್ತವೆ. ಗುಟ್ಟು ಬಿಚ್ಚುವ ಶಬ್ದ ಕಟ್ಟಕಡೆಗೆ ಬರಬೇಕು. "ನೀವ ಲಗೂ ಎಚ್ಚರಾದ್ರಿ" ಎಂದಾಗ 'ಎಚ್ಚರಾದ್ರಿ' ಎಂಬಲ್ಲಿ ಬಾಯಿ ಮುಚ್ಚುತ್ತದೆ, ನಗೆಗೆ ಬಾಗಿಲು ತೆರೆಯುತ್ತದೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ತಪ್ಪು ಮಾಡಿದವರು ಯಜಮಾನರು, ತಪ್ಪನ್ನು ಎಚ್ಚರದ ಮೇಲೆ ಹೊರಿಸಿದವನು ಚಹಾದವನು. ನಗೆ ಹುಟ್ಟುವುದು ಈ ತಿರುವಿನಲ್ಲಿ.

ಮೂರನೆಯದು ಸುಮ್ಮನಿರುವ ಅಳತೆ. 'ಮಠ ತಾನ ಬರ್ತಿತ್ರೀ ಯಜಮಾನ್ರ' ಎಂದ ಮೇಲೆ ಒಂದು ಉಸಿರು ನಿಲ್ಲಬೇಕು. ಹೆಚ್ಚು ನಿಂತರೆ ಮಂದಿ ಮುಂದಿನದನ್ನು ಊಹಿಸುತ್ತಾರೆ, ಕಡಿಮೆ ನಿಂತರೆ ಗೊಂದಲವಾಗುತ್ತದೆ. ನಗೆ ಬಂದ ಮೇಲೂ ಕಾಯಬೇಕು. ನಗೆಯ ಅಲೆ ಏರಿ ಇಳಿಯಲು ತೊಡಗಿದಾಗ ಮುಂದಿನ ಮಾತು ಎತ್ತಬೇಕು. ಪೂರ್ತಿ ಇಳಿದ ಮೇಲೆ ಎತ್ತಿದರೆ ಒಲೆ ಆರಿದ ಹಾಗೆ, ಮತ್ತೆ ಊದಬೇಕು.

ನಾಲ್ಕನೆಯದು ಊರಿನ ಅಳತೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಈ ಜೋಕಿಗೆ ಪೀಠಿಕೆಯೇ ಬೇಡ, ಇಲ್ಲಿ ತಪ್ಪಿ ಇಳಿದವರಿಗೆ ದಾರಿ ಹೇಳಿ ಹೇಳಿ ಮಂದಿಗೆ ಸಾಕಾಗಿದೆ. ಧಾರವಾಡದಲ್ಲೂ ನಡೆಯುತ್ತದೆ. ಮೈಸೂರಿನಲ್ಲಿ? "ಬೆಳಗಾವಿ ಹುಬ್ಬಳ್ಳಿ ನಡುವೆ ಇನ್ನೊಂದು ಹುಬ್ಬಳ್ಳಿ ಇದೆ" ಎಂದು ಮೊದಲೇ ಹೇಳಬೇಕು, ಹೇಳಿದೊಡನೆ ಜಾಣ ಕೇಳುಗ ಮುಂದಿನದನ್ನು ಕಂಡುಬಿಡುತ್ತಾನೆ. ಅದಕ್ಕೇ ಅನುಭವಸ್ಥರು ಆ ವಿವರವನ್ನು ಹತ್ತು ನಿಮಿಷ ಮೊದಲೇ, ಬೇರೆ ಯಾವುದೋ ಮಾತಿನಲ್ಲಿ, "ನಮ್ಮದು ಸಣ್ಣ ಹುಬ್ಬಳ್ಳಿರೀ" ಎಂದು ಬಿತ್ತಿಡುತ್ತಾರೆ. ಬಿತ್ತಿದ್ದು ಮರೆತಿರುತ್ತದೆ, ಬೆಳೆ ಬಂದಾಗ ನೆನಪಾಗುತ್ತದೆ.

ಐದನೆಯದು ಮರಳಿ ಕರೆಯುವುದು. ಕಾರ್ಯಕ್ರಮದ ಕೊನೆಗೆ ಮುಂದಿನ ಸಾಲಿನಿಂದ ಯಾರಾದರೂ ಎದ್ದು ಹೊರಟರೆ, "ಯಾಕ್ರೀ, ಲಗೂ ಎಚ್ಚರಾದ್ರಿ?" ಎಂದರೆ ಸಾಕು. ಜೋಕು ಒಂದೇ, ನಗೆ ಎರಡು ಸಲ. ಎರಡನೆಯ ಸಲದ ನಗೆ ದೊಡ್ಡದು, ಯಾಕೆಂದರೆ ಅದರಲ್ಲಿ ಕೇಳುಗನಿಗೂ ಪಾಲಿದೆ. ವೃತ್ತಿಯಲ್ಲಿ ಇದಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರೆ.

ಇಂಥ ಹತ್ತು ತುಂಡು ಸೇರಿದರೆ ಐದು ನಿಮಿಷದ 'ಸೆಟ್'. ಹೊಸಬರು ಸಂಪಾದಿಸಬೇಕಾದ ಮೊದಲ ಆಸ್ತಿ ಇದೇ, ಎಲ್ಲಿ ಹೇಳಿದರೂ ನಡೆಯುವ ಐದು ನಿಮಿಷ. ನಡೆಯುತ್ತದೋ ಇಲ್ಲವೋ ಎಂದು ನೋಡಲು ಕಬ್ಬಿನವರ ಕ್ರಮ ಹಿಡಿಯಬೇಕು. ಕಾರ್ಖಾನೆಯ ಕಾಟಾದ ಮೇಲೆ ಟ್ರ್ಯಾಕ್ಟರನ್ನು ತುಂಬಿದಾಗ ಒಮ್ಮೆ, ಕಬ್ಬು ಇಳಿಸಿ ಖಾಲಿಯಾದಾಗ ಒಮ್ಮೆ ತೂಗುತ್ತಾರೆ. ಕಳೆದು ಉಳಿದದ್ದು ಕಬ್ಬು. ನಿಮ್ಮ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಒಟ್ಟು ಎಷ್ಟು ನಿಮಿಷ, ಅದರಲ್ಲಿ ಮಂದಿ ನಕ್ಕದ್ದು ಎಷ್ಟು ಸಲ ಎಂದು ಬರೆದಿಡಿ. ಒಂದು ನಿಮಿಷ ಪೂರ್ತಿ ನಗೆಯಿಲ್ಲದೆ ಹೋದರೆ ಅದು ಗಾಡಿಯ ತೂಕ, ಕಬ್ಬಲ್ಲ. ವೇದಿಕೆಯಿಂದ ಇಳಿದೊಡನೆ "ಭಾರಿ ಆತು" ಎನ್ನುವ ಗೆಳೆಯನ ಮಾತಿಗಿಂತ ಈ ರೆಕಾರ್ಡಿಂಗ್ ಪ್ರಾಮಾಣಿಕ.

ವೇದಿಕೆಯ ಮೆಟ್ಟಿಲುಗಳು

ಬೆಂಗಳೂರಿನಲ್ಲಿ ಹೊಸಬರಿಗೆ ಓಪನ್ ಮೈಕ್ ಇದೆ. ಕೆಫೆಯಲ್ಲಿ ಹೆಸರು ಕೊಟ್ಟು ಐದು ನಿಮಿಷ ಮಾತಾಡಬಹುದು. ಲೋಲ್‌ಬಾಗ್‌ನಂಥ ಕನ್ನಡ ತಂಡಗಳು ಅಲ್ಲಿ ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡುವ ದಾರಿ ಮಾಡಿವೆ. ನಮ್ಮ ಕಡೆಯ ಓಪನ್ ಮೈಕ್ ಎಂದರೆ ಶಾಲೆ-ಕಾಲೇಜಿನ ಗ್ಯಾದರಿಂಗ್, ಗಣಪತಿ ಪೆಂಡಾಲು, ನವೆಂಬರಿನ ರಾಜ್ಯೋತ್ಸವ. ಆಮೇಲೆ ಊರ ಜಾತ್ರೆ. ಅದರಾಚೆ ಸರ್ಕಾರಿ ಉತ್ಸವಗಳು. 1824ರ ಅಕ್ಟೋಬರ್ 23ರ ಗೆಲುವಿನ ನೆನಪಿಗೆ ನಡೆಯುವ ಕಿತ್ತೂರು ಉತ್ಸವದಂಥ ವೇದಿಕೆಗೆ ಏರಿದರೆ ಜಿಲ್ಲೆಗೆಲ್ಲ ಹೆಸರು ಗೊತ್ತಾಗುತ್ತದೆ.

ಜಾತ್ರೆಯ ವೇದಿಕೆ ಕೆಫೆಗಿಂತ ಕಠಿಣ ಶಾಲೆ. ಕೆಫೆಯಲ್ಲಿ ನಗಲೆಂದೇ ಬಂದ ಐವತ್ತು ಮಂದಿ, ಎಲ್ಲರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಜಾತ್ರೆಯಲ್ಲಿ ಮುಂದೆ ಮಕ್ಕಳು, ಒಂದು ಬದಿಗೆ ಹೆಂಗಸರು, ಹಿಂದೆ ನಿಂತೇ ನೋಡುವ ಹುಡುಗರು, ವೇದಿಕೆಯ ಮೇಲೆ ಸ್ವಾಮಿಗಳು. ಹಾಸ್ಯ ನಾಲ್ವರಿಗೂ ಮುಟ್ಟಬೇಕು, ಯಾರಿಗೂ ಮುಜುಗರ ಆಗಬಾರದು. ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ ಇರುವ ಊರಿನಲ್ಲಿ ಹೆಂಡತಿಯನ್ನು ಹಳಿಯುವ ಸವೆದ ಜೋಕು ಹೇಳಿ ಗೆಲ್ಲುತ್ತೇನೆಂದರೆ ಅರ್ಧ ಪೆಂಡಾಲು ಸುಮ್ಮನೆ ಕೂರುತ್ತದೆ. ಸುಧಾ ಬರಗೂರು, ಇಂದುಮತಿ ಸಾಲಿಮಠ ಅವರಂಥ ಮಾತುಗಾರ್ತಿಯರು ಹಾಸ್ಯ ವೇದಿಕೆಯಲ್ಲಿ ಹೆಸರು ಮಾಡಿದ ಮೇಲಂತೂ ಕೇಳುಗರಿಗೆ ಅಡುಗೆಮನೆಯ ಆ ಕಡೆಯ ಮಾತೂ ಗೊತ್ತಾಗಿದೆ.

ಹೊತ್ತಿನ ಲೆಕ್ಕ ಇನ್ನೊಂದು ಪರೀಕ್ಷೆ. ಕರಪತ್ರದಲ್ಲಿ 'ಸಂಜೆ 6ಕ್ಕೆ ಹಾಸ್ಯ ಕಾರ್ಯಕ್ರಮ' ಎಂದಿರುತ್ತದೆ. ದೀಪ, ಸ್ವಾಗತ, ದಾನಿಗಳ ಸತ್ಕಾರ, ಭಾಷಣ ಮುಗಿದು ಮೈಕ್ ಕೈಗೆ ಬರುವಾಗ 9 ಗಂಟೆ. ಒಂದು ತಾಸಿನ ಸಾಮಾನನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಲು ಗೊತ್ತಿರಬೇಕು. ಅದರ ಉಲ್ಟಾ ಕೂಡ ಆಗುತ್ತದೆ. ಕಮಿಟಿಯವರೊಬ್ಬರು ಬಗ್ಗಿ ಬಂದು ಕಿವಿಯಲ್ಲಿ, "ಸರ್ರ, ಇನ್ನೊಂದ್ ಹತ್ತ ನಿಮಿಷ ಎಳೀರಿ, ಸಾಹೇಬ್ರು ಕಿತ್ತೂರ ದಾಟ್ಯಾರ" ಎನ್ನುತ್ತಾರೆ. ಸಾಹೇಬರು ಧಾರವಾಡವನ್ನೇ ಬಿಟ್ಟಿರುವುದಿಲ್ಲ. ಹಾಗಾಗಿ ಸೆಟ್ಟನ್ನು ಉದ್ದದ ಹಗ್ಗದಂತೆ ಹೆಣೆಯದೆ ಬೇಕಾದಷ್ಟು ಕಡಿಯಲು ಬರುವಂತೆ ಐದೈದು ನಿಮಿಷದ ಗಣಿಕೆ ಮಾಡಿಟ್ಟುಕೊಳ್ಳುತ್ತಾರೆ, ಕಬ್ಬಿನ ಹಾಗೆ. ರಾತ್ರಿ 10ರ ಗೆರೆಯೂ ನೆನಪಿರಬೇಕು. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ-ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಅನುಮತಿ ಪಡೆಯುವುದು ಕಮಿಟಿಯ ಕೆಲಸ, ಕೇಳಿ ಖಾತ್ರಿ ಮಾಡಿಕೊಳ್ಳುವುದು ಕಲಾವಿದರ ಕೆಲಸ.

ಮೈಕ್ ಸೆಟ್‌ನವನ ಗೆಳೆತನ ಮಾಡಿಕೊಳ್ಳಿ. ಹಾಡಿಗೆ ಹಚ್ಚಿದ ಎಕೋ ಮಾತಿಗೂ ಹಾಗೇ ಇದ್ದರೆ ಪಂಚಿನ ಶಬ್ದ ಅದರಲ್ಲಿ ಮುಳುಗುತ್ತದೆ. ವೇದಿಕೆ ಏರುವ ಮೊದಲು "ಅಣ್ಣಾ, ನನಗ ಎಕೋ ಬ್ಯಾಡ, ಮಾತು ಸ್ವಚ್ಛ ಕೇಳಲಿ" ಎಂದು ಹೇಳಿ, ಪೆಂಡಾಲಿನ ಕೊನೆಗೆ ಹೋಗಿ ನಿಂತು ಕೇಳಿ ಬರುವುದು ಅರ್ಧ ಕಾರ್ಯಕ್ರಮ ಗೆದ್ದಂತೆ.

ನಿರೂಪಣೆ ಇನ್ನೊಂದು ಕಸುಬು

ನಗಿಸಲು ಬಂದರೆ ನಿರೂಪಿಸಲೂ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಾಸ್ಯಗಾರ ಹೊತ್ತನ್ನು ತನ್ನದು ಮಾಡಿಕೊಳ್ಳುತ್ತಾನೆ. ನಿರೂಪಕನಿಗೆ ಆ ಹೊತ್ತು ಇನ್ನೊಬ್ಬರ ಸೊತ್ತು, ಅವನು ಅದನ್ನು ಕಾಯ್ದು ಒಪ್ಪಿಸುವವನು. ಹೆಸರು ತಪ್ಪದೆ ಹೇಳಬೇಕು, ಯಾರ ಹೆಸರು ಮೊದಲು ಎಂಬ ಕ್ರಮ ತಿಳಿದಿರಬೇಕು, ಭಾಷಣ ಮುಗಿದು ಹಾಡು ಆರಂಭವಾಗುವ ನಡುವಿನ ಖಾಲಿಯನ್ನು ಖಾಲಿ ಎನಿಸದಂತೆ ತುಂಬಬೇಕು, ಅತಿಥಿ ಬಾಯಿ ತೆರೆದೊಡನೆ ತಾನು ಮರೆಯಾಗಬೇಕು.

ಈ ಎರಡೂ ಕಸುಬು ಒಬ್ಬರಲ್ಲೇ ಕೂಡಿದ್ದನ್ನು ನೋಡಬೇಕಾದರೆ 2024ರ ಜುಲೈನಲ್ಲಿ ನಮ್ಮನ್ನಗಲಿದ ಅಪರ್ಣಾ ಅವರನ್ನು ನೆನೆಯಬೇಕು. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಬಂದವರು, ಆಕಾಶವಾಣಿ, ದೂರದರ್ಶನ, ಸಭೆ-ಸಮಾರಂಭಗಳಲ್ಲಿ ಅಚ್ಚುಕಟ್ಟಾದ ಕನ್ನಡದ ನಿರೂಪಣೆಗೆ ಮಾದರಿಯಾದವರು. ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಯ ದನಿ ಅವರದೇ. ಅಂಥವರು 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾಗಿ ಬಂದು ಮನೆಮನೆಯನ್ನು ನಗಿಸಿದರು. ದಶಕಗಳ ಕಾಲ ತೂಕ ತಪ್ಪದೆ ಮಾತಾಡಿದವರು ಬೇಕೆಂದೇ ತೂಕ ತಪ್ಪಿಸಿದಾಗ ಹುಟ್ಟಿದ ನಗೆ ಅದು. ಸರಿಯಾದ ಅಳತೆ ಗೊತ್ತಿದ್ದವರಿಗೇ ಅಳತೆ ತಪ್ಪಿಸಲೂ ಬರುತ್ತದೆ.

ಅದೇ ಕಾರ್ಯಕ್ರಮ ನಡೆಸಿಕೊಟ್ಟ ಸೃಜನ್ ಲೋಕೇಶ್ ಮನೆತನವನ್ನು ನೋಡಿ. ಅಜ್ಜ ಸುಬ್ಬಯ್ಯ ನಾಯ್ಡು ನಾಟಕ ಕಂಪನಿ ಕಟ್ಟಿದವರು, 1934ರ 'ಸತಿ ಸುಲೋಚನ' ಚಿತ್ರದ ನಟ. ತಂದೆ ಲೋಕೇಶ್ ರಂಗಭೂಮಿ, ಸಿನಿಮಾ ಎರಡರಲ್ಲೂ ದೊಡ್ಡ ಹೆಸರು. ಟಿವಿಯ ಹಾಸ್ಯ ಟಿವಿಯಲ್ಲೇ ಹುಟ್ಟಿದ್ದಲ್ಲ. ಬೆಂಗಳೂರಿನ ದಾನಿಶ್ ಸೇಠ್ ಬಂದ ದಾರಿ ಬೇರೆ. ರೇಡಿಯೋದ ತಮಾಷೆ ಫೋನ್ ಕರೆಗಳಿಂದ ಆರಂಭಿಸಿ, ಆರ್‌ಸಿಬಿ ತಂಡದ 'ಮಿಸ್ಟರ್ ನ್ಯಾಗ್ಸ್' ಆಗಿ ಕ್ರಿಕೆಟಿಗರನ್ನು ಮಾತಾಡಿಸಿ, 2018ರಲ್ಲಿ 'ಹಂಬಲ್ ಪೊಲಿಟಿಶಿಯನ್ ನೊಗ್‌ರಾಜ್' ಚಿತ್ರದವರೆಗೆ ಹೋದರು. ಅವರಿಗೆ ಆಸ್ತಿಯಾದದ್ದು ತಾವೇ ಕಟ್ಟಿದ ಪಾತ್ರಗಳು. ನಗಿಸದೆಯೂ ನಿರೂಪಕರಾಗಿ ನಿಲ್ಲಬಹುದು ಎಂಬುದಕ್ಕೆ ಚಂದನದಲ್ಲಿ 2002ರಲ್ಲಿ ಆರಂಭವಾದ 'ಥಟ್ ಅಂತ ಹೇಳಿ' ನಡೆಸುವ ವೈದ್ಯ ನಾ. ಸೋಮೇಶ್ವರ ಸಾಕ್ಷಿ. ಅಲ್ಲಿ ನಗೆಗಿಂತ ಓದು ದೊಡ್ಡದು.

ಟಿವಿಯ ಒಳಗೆ

ಜೀ ಕನ್ನಡದಲ್ಲಿ 2016ರಲ್ಲಿ 'ಕಾಮಿಡಿ ಕಿಲಾಡಿಗಳು' ಆರಂಭವಾದಾಗ ಜಗ್ಗೇಶ್, ಯೋಗರಾಜ ಭಟ್, ರಕ್ಷಿತಾ ತೀರ್ಪುಗಾರರು, ಮಾಸ್ಟರ್ ಆನಂದ್ ನಿರೂಪಕರು. ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ ಸಿನಿಮಾ ನಟರಾದರು. ನಮ್ಮ ಬೈಲಹೊಂಗಲ ಕಡೆಯ ಸಂಜು ಬಸಯ್ಯ ಇದೇ ಕಾರ್ಯಕ್ರಮದಿಂದ ನಾಡಿಗೆಲ್ಲ ಪರಿಚಿತರಾದರು. ಬೆಳಗಾವಿ ಜಿಲ್ಲೆಯ ಮಾತು ಇಡೀ ರಾಜ್ಯವನ್ನು ನಗಿಸಬಲ್ಲದು ಎಂದು ಇಲ್ಲಿನ ಹುಡುಗರಿಗೆ ಧೈರ್ಯ ಬಂದದ್ದು ಇಂಥವರಿಂದ.

ಆಡಿಷನ್ ನಡೆಯುವುದು ಹೀಗೆ. ಚಾನೆಲ್ ತನ್ನ ಪರದೆಯಲ್ಲೂ ಅಧಿಕೃತ ಪುಟಗಳಲ್ಲೂ ಊರು, ದಿನಾಂಕ ತಿಳಿಸುತ್ತದೆ. ಸಾಲಿನಲ್ಲಿ ನಿಂತವರಿಗೆ ಮೊದಲ ಸುತ್ತಿನಲ್ಲಿ ಸಿಗುವುದು ಒಂದೆರಡು ನಿಮಿಷ. ಅಲ್ಲಿ ಕೂತವರು ಜೋಕು ಹೊಸದೋ ಎಂದಷ್ಟೇ ನೋಡುವುದಿಲ್ಲ. ಈ ಮುಖ ನೆನಪಿನಲ್ಲಿ ಉಳಿಯುತ್ತದೆಯೇ, ಬೇರೆಯವರು ಬರೆದದ್ದನ್ನು ತನ್ನ ಬಾಯಿಗೆ ಒಗ್ಗಿಸಿಕೊಳ್ಳಬಲ್ಲನೇ, ಜೊತೆಗಾರನಿಗೆ ಜಾಗ ಬಿಡುತ್ತಾನೆಯೇ ಎಂದು ನೋಡುತ್ತಾರೆ. ಆಯ್ಕೆಗೆ ಹಣ ಕೇಳುವ ಕರೆ ಬಂದರೆ ಅಲ್ಲಿಗೇ ಫೋನ್ ಇಡಿ. ಕಲಾವಿದನಿಗೆ ದುಡ್ಡು ಬರಬೇಕೇ ಹೊರತು ಅವನಿಂದ ಹೋಗಬಾರದು.

ಆಯ್ಕೆಯಾದ ಮೇಲೆ ಕೆಲಸ ಸ್ಕಿಟ್‌ನದು. ಬರಹಗಾರರ ತಂಡ ಬರೆಯುತ್ತದೆ, ರಂಗಭೂಮಿಯಿಂದ ಬಂದ ಮೆಂಟರ್ ತಿದ್ದುತ್ತಾರೆ, ತಾಲೀಮು ನಡೆಯುತ್ತದೆ, ಚಾನೆಲ್‌ನವರು ನೋಡಿ ಒಪ್ಪುತ್ತಾರೆ. ಫ್ಲೋರಿನಲ್ಲಿ ಹಲವು ಕ್ಯಾಮೆರಾ ಒಟ್ಟಿಗೆ ಓಡುತ್ತವೆ, ಒಂದೇ ದಿನ ಒಂದಕ್ಕಿಂತ ಹೆಚ್ಚು ಕಂತು ಚಿತ್ರೀಕರಣ ಆಗುವುದು ಮಾಮೂಲು. ಬೆಳಿಗ್ಗೆ ಮೇಕಪ್ ಹಚ್ಚಿದವರು ನಡುರಾತ್ರಿಗೆ ಅಳಿಸುತ್ತಾರೆ. ನಿರೂಪಕನ ಕಿವಿಯೊಳಗೆ ಸಣ್ಣ ಇಯರ್‌ಪೀಸ್, ಅದರಲ್ಲಿ ನಿರ್ದೇಶಕರ ದನಿ: "ಬೇಗ ಮುಗಿಸಿ", "ಆ ಹೆಸರು ಇನ್ನೊಮ್ಮೆ", "ತೀರ್ಪುಗಾರರ ಕಡೆ ತಿರುಗಿ". ಒಂದು ಕಿವಿಯಲ್ಲಿ ಅದನ್ನು ಕೇಳುತ್ತ, ಇನ್ನೊಂದರಲ್ಲಿ ಅತಿಥಿಯ ಮಾತು ಕೇಳುತ್ತ, ಮುಖದ ಮೇಲೆ ಎರಡನ್ನೂ ತೋರಿಸದೆ ನಿಲ್ಲುವುದೇ ಆ ಕೆಲಸದ ಕಷ್ಟ.

ಪರದೆಯ ಮೇಲೆ ಕಾಣುವ ನಗೆ ಎಡಿಟಿಂಗ್ ಟೇಬಲ್ಲಿನಲ್ಲಿ ಇನ್ನೊಮ್ಮೆ ಹುಟ್ಟುತ್ತದೆ. ಸ್ಕಿಟ್ ನಡುವೆ ತೀರ್ಪುಗಾರರು ಬಿದ್ದು ಬಿದ್ದು ನಕ್ಕ ಚಿತ್ರ, ಅದರ ಮೇಲೊಂದು ಸಂಗೀತದ ತುಣುಕು. ಜಾತ್ರೆಯಲ್ಲಿ ಈ ಸಹಾಯ ಇರುವುದಿಲ್ಲ. ಟಿವಿಯಿಂದ ವೇದಿಕೆಗೆ ಬಂದ ಕೆಲವರು ಐದನೆಯ ನಿಮಿಷಕ್ಕೇ ಏದುಸಿರು ಬಿಡುವುದು ಇದಕ್ಕೇ. ಭಾಷೆಗೂ ಒಂದು ಸುಂಕ ಕಟ್ಟಬೇಕು. 'ಲಗೂ ಎಚ್ಚರಾದ್ರಿ' ಎಂಬುದನ್ನು 'ಬೇಗ ಎಚ್ಚರಾದ್ರಿ' ಮಾಡೋಣವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾಡಿದರೆ ಚಾಮರಾಜನಗರಕ್ಕೂ ತಿಳಿಯುತ್ತದೆ, ಆದರೆ ಚಹಾದಂಗಡಿಯವನು ಸತ್ತುಹೋಗುತ್ತಾನೆ. ಸುತ್ತಲಿನ ಶಬ್ದ ಸರಳ ಮಾಡಿ, ಕೊನೆಯ ಸಾಲನ್ನು ಊರ ಮಾತಿನಲ್ಲೇ ಉಳಿಸಿಕೊಳ್ಳುವುದು ಜಾಣತನ.

ಕಾರ್ಯಕ್ರಮ ಉಳಿಯುವುದು, ಹೋಗುವುದು ಟಿಆರ್‌ಪಿಯಿಂದ. ಬಾರ್ಕ್ ಸಂಸ್ಥೆ ಆಯ್ದ ಮನೆಗಳ ಟಿವಿಗೆ ಮೀಟರ್ ಜೋಡಿಸಿ, ಯಾರು ಏನು ನೋಡಿದರು ಎಂಬುದನ್ನು ವಾರವಾರ ಲೆಕ್ಕ ಮಾಡುತ್ತದೆ. ಜಾಹೀರಾತಿನ ದರ ಅದರ ಮೇಲೆ ನಿಲ್ಲುತ್ತದೆ. ನೀವು ಚೆನ್ನಾಗಿ ಮಾಡಿಯೂ ಕಾರ್ಯಕ್ರಮ ನಿಲ್ಲಬಹುದು. ಅದನ್ನು ಸೋಲೆಂದು ತಿಳಿಯಬಾರದು.

ದುಡ್ಡು, ಕಾಗದ, ಕಾನೂನು

ಜಾತ್ರೆ ಕಮಿಟಿಯವರು ತಾರೀಕು ಹಿಡಿಯುವಾಗ ಸಂಚಕಾರ ಕೊಡುತ್ತಾರೆ. ಅದನ್ನು ಪಡೆಯದೆ ದಿನ ಕೊಡಬಾರದು. ಉಳಿದದ್ದನ್ನು ವೇದಿಕೆ ಏರುವ ಮೊದಲೇ ಪಡೆಯುವುದು ಒಳ್ಳೆಯದು. ಕಾರ್ಯಕ್ರಮ ಮುಗಿದ ಮೇಲೆ ಖಜಾಂಚಿ ಸಿಗುವುದು ಕಷ್ಟ. ಒಪ್ಪಿದ ಮೊತ್ತವೆಲ್ಲ ಗಳಿಕೆಯಲ್ಲ. ಲೆಕ್ಕಕ್ಕೆಂದು 20,000 ರೂಪಾಯಿ ಹಿಡಿಯಿರಿ. ಗಾಡಿಗೆ 5,000, ಇಬ್ಬರು ಜೊತೆಗಾರರಿಗೆ 3,000ದಂತೆ 6,000, ಊಟ-ವಸತಿಗೆ 1,000. ಉಳಿದದ್ದು 8,000. ಇದು ದರಪಟ್ಟಿಯಲ್ಲ, ಲೆಕ್ಕ ಹಾಕುವ ರೀತಿ. ಜೊತೆಗೆ ಹಂಗಾಮು ನೋಡಬೇಕು. ಬೇಸಿಗೆಯ ಜಾತ್ರೆ, ಗಣಪತಿ, ನವೆಂಬರ್ ತುಂಬಿದ ತಿಂಗಳು. ಮಳೆ ಹಿಡಿದ ಆಷಾಢ ಖಾಲಿ. ಬಂದದ್ದನ್ನು 12ರಿಂದ ಭಾಗಿಸಿದರೆ ಮಾತ್ರ ನಿಜವಾದ ಪಗಾರ ತಿಳಿಯುತ್ತದೆ. ಅದಕ್ಕೇ ಬಹಳಷ್ಟು ಹಾಸ್ಯಗಾರರು ಮೊದಲ ವರ್ಷಗಳಲ್ಲಿ ಮಾಸ್ತರಿಕೆ, ಅಂಗಡಿ, ಹೊಲ ಬಿಡುವುದಿಲ್ಲ. ಬೀchi ಕೂಡ ನೌಕರಿಯಲ್ಲಿದ್ದುಕೊಂಡೇ ಬರೆದವರು.

ಕಂಪನಿಗಳು ಸಂಭಾವನೆ ಕೊಡುವಾಗ ಸಾಮಾನ್ಯವಾಗಿ ನೂರಕ್ಕೆ 10ರಂತೆ ಟಿಡಿಎಸ್ ಮುರಿದುಕೊಳ್ಳುತ್ತವೆ. ರಿಟರ್ನ್ಸ್ ಸಲ್ಲಿಸಿದರೆ ಹೆಚ್ಚಾದದ್ದು ಮರಳಿ ಬರುತ್ತದೆ. ವರ್ಷದ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಚಾನೆಲ್ ಕರಾರಿನಲ್ಲಿ ಮೂರು ಸಾಲು ಬೆರಳಿಟ್ಟು ಓದಬೇಕು: ಎಷ್ಟು ಕಾಲ ಬೇರೆ ಚಾನೆಲ್‌ಗೆ ಹೋಗುವಂತಿಲ್ಲ, ಆ ಕಾಲದಲ್ಲಿ ಊರ ಕಾರ್ಯಕ್ರಮ ಒಪ್ಪಬಹುದೇ, ನೀವು ಕಟ್ಟಿದ ಪಾತ್ರ ಯಾರದು. ಮೂರನೆಯದನ್ನು ಓದದೆ ರುಜು ಹಾಕಿದವರಿಗೆ ಆಮೇಲೆ ತಮ್ಮದೇ ಪಾತ್ರದ ಹೆಸರು ಹೇಳಿ ನಗಿಸಲು ಆಗದಂಥ ಪರಿಸ್ಥಿತಿ ಬರಬಹುದು.

1957ರ ಕೃತಿಸ್ವಾಮ್ಯ ಕಾಯ್ದೆ ಜೋಕಿನ ಹೊಳಹನ್ನು ಕಾಯುವುದಿಲ್ಲ, ನೀವು ಅದನ್ನು ಬರೆದ ರೂಪವನ್ನು ಕಾಯುತ್ತದೆ. ನಿಮ್ಮ ಪ್ರದರ್ಶನದ ಮೇಲೂ ಕಲಾವಿದನ ಹಕ್ಕು 50 ವರ್ಷ ಇರುತ್ತದೆ. ಹಾಗಾಗಿ ಬರೆದಿಡಿ, ದಿನಾಂಕ ಹಾಕಿ. ಇನ್ನೊಬ್ಬರ ಜೋಕನ್ನು ಹೆಸರು ಹೇಳದೆ ಎತ್ತಬೇಡಿ, ಯೂಟ್ಯೂಬ್ ಇರುವ ಕಾಲದಲ್ಲಿ ಮುಂದಿನ ಸಾಲಿನ ಹುಡುಗನೇ ಹಿಡಿದುಕೊಡುತ್ತಾನೆ. ಮಾತಿನ ಗಡಿಯೂ ಗೊತ್ತಿರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇಕೆಂದೇ ಧಾರ್ಮಿಕ ಭಾವನೆ ಕೆಣಕುವುದಕ್ಕೆ 299ನೆಯ ಕಲಂ, ಮಾನಹಾನಿಗೆ 356ನೆಯ ಕಲಂ ಇವೆ. ಜಾತಿನಿಂದನೆಗೆ ಬೇರೆಯೇ ಕಾಯ್ದೆಯಿದೆ. ಆದರೆ ಕಾನೂನಿಗಿಂತ ಮೊದಲು ಬರುವುದು ಕಸುಬಿನ ಮರ್ಯಾದೆ. ಬಡವನ ಮೈಬಣ್ಣ, ಇನ್ನೊಬ್ಬರ ಅಂಗ, ಜಾತಿ ಆಡಿಕೊಂಡು ಗಿಟ್ಟಿಸಿದ ನಗೆ ಬೇಗ ಹಳಸುತ್ತದೆ.

ಈ ವರ್ಷ ಮಾಡಬೇಕಾದದ್ದು

ದಿನಕ್ಕೊಂದು ಪುಟ ಬರೆಯಿರಿ. ಬಸ್ಸು, ಸಂತೆ, ಪಂಚಾಯಿತಿ, ಕಾಟಾದ ಸಾಲು, ಎಲ್ಲಿ ಮಂದಿ ಕಾಯುತ್ತಾರೋ ಅಲ್ಲಿ ಹಾಸ್ಯ ಇದೆ. ತಿಂಗಳಿಗೆ ಎರಡು ಸಲವಾದರೂ ನಿಂತು ಹೇಳಿ. ಹತ್ತು ಮಂದಿ ಇದ್ದರೂ ಸಾಕು. ರೆಕಾರ್ಡ್ ಮಾಡಿ, ಕೇಳಿ, ಕತ್ತರಿಸಿ. ಯಾರದಾದರೂ ಮದುವೆಯ, ಶಾಲೆಯ ಕಾರ್ಯಕ್ರಮದ ನಿರೂಪಣೆ ಬಂದರೆ ಬಿಡಬೇಡಿ. ಹೆಸರಿನ ಚೀಟಿ ಓದುವುದರಲ್ಲಿ ಕಲಿಯುವ ಪಾಠ ಟಿವಿ ಫ್ಲೋರಿನಲ್ಲಿ ಕೈ ಹಿಡಿಯುತ್ತದೆ. ಒಂದೊಂದು ನಿಮಿಷದ ತುಣುಕನ್ನು ಯೂಟ್ಯೂಬ್‌ಗೆ ಹಾಕಿ, ಪೂರ್ತಿ ಸೆಟ್ಟನ್ನು ಹಾಕಬೇಡಿ. ಹಾಡನ್ನು ಮಂದಿ ಎರಡನೆಯ ಸಲವೂ ಕೇಳುತ್ತಾರೆ, ಕೇಳಿದ ಜೋಕಿಗೆ ಪೆಂಡಾಲಿಗೆ ಬರುವುದಿಲ್ಲ. ಒಂದು ತಾಸಿನ ಗಟ್ಟಿ ಸಾಮಾನು ಕೈಯಲ್ಲಿ ಇಲ್ಲದೆ ಟಿವಿಗೆ ಹೋಗಬಾರದೆಂದಲ್ಲ, ಆದರೆ ಟಿವಿಯಿಂದ ಬಂದ ಮೇಲೆ ಊರವರು ಕೇಳುವುದು ಆ ಒಂದು ತಾಸನ್ನೇ.

ಒಂದು ಸೀಸನ್ ಟಿವಿಯಲ್ಲಿ ಕಂಡು, ಊರ ಬಾಗಿಲಲ್ಲಿ ಕಟೌಟ್ ಎದ್ದು, ಫೋನಿನಲ್ಲಿ ಹೊಗಳಿಕೆ ತುಂಬಿದಾಗ ಕಿವಿಗೆ ಅರ್ಧ ಶಬ್ದ ಮಾತ್ರ ಬೀಳುತ್ತದೆ. ಹುಬ್ಬಳ್ಳಿ ಬಂತು ಎಂದು ಚೀಲ ಎತ್ತಿಕೊಂಡು ಇಳಿಯುವವರು ಬಹಳ. ಇಳಿದದ್ದರಲ್ಲಿ ತಪ್ಪೇನೂ ಇಲ್ಲ, ಎಂ.ಕೆ. ಹುಬ್ಬಳ್ಳಿಯಲ್ಲೂ ಚಹಾ ಚೆನ್ನಾಗಿಯೇ ಸಿಗುತ್ತದೆ. ಕುಡಿದು, ಅಂಗಡಿಯವನು ಮಾತು ಮುಗಿಸುವ ರೀತಿಯನ್ನು ಕಿವಿಗೊಟ್ಟು ಕೇಳಿ, ಮುಂದಿನ ಬಸ್ ಹತ್ತಿದರಾಯಿತು. ಈ ಸಲ ಮಲಗದೆ.